ಸೂಪರ್‌ಮ್ಯಾನ್ ವೇಷ: ಕೆಂಪು ಚಡ್ಡಿ ಬೇಕೇ, ಬೇಡವೇ?

ವಿಜಯನಗರದ ಸಹೋದರಿಯೊಬ್ಬರ ಪ್ರಶ್ನೆ:

ನನ್ನ ತಮ್ಮ ಈ ಬಾರಿ ಕಾಮಿಕ್ಸ್ ಅಭಿಮಾನಿಗಳ ಮೇಳವಾದ ಬೆಂಗಳೂರು ಕಾಮಿಕ್ ಕಾನ್‌ಗೆ ಸೂಪರ್‌ಮ್ಯಾನ್ ವೇಷದಲ್ಲಿ ಹೋಗಬೇಕೆಂದಿದ್ದಾನೆ. ತಾನೇ ಬಿಡಿಸಿದ ದೊಡ್ಡ ಚಿತ್ರವೊಂದನ್ನೂ ಒಯ್ಯುವ ಆಸೆ ಅವನದು. ಆದರೆ ಅಂತರ್ಜಾಲದ ಒಂದೊಂದು ಚಿತ್ರದಲ್ಲಿ ಒಂದೊಂದು ಬಗೆಯ ಉಡುಪಿದೆ. ಯಾವುದು ಸರಿ? ಅನುಭವವಿರುವವರು ದಯವಿಟ್ಟು ತಿಳಿಸಿ.

ಬಸವನಗುಡಿಯ ಚಿತ್ರಕಾರ:

ಎಲ್ಲವೂ ಸರಿಯೇ, ಆದರೆ ಒಂದೊಂದೂ ಒಂದೊಂದು ಕಾಲದ್ದು. ಹಾಗಾಗಿ ಮೊದಲು ಇಸವಿಯನ್ನು ನಿರ್ಧರಿಸಿ, ಬಟ್ಟೆಯನ್ನು ಆಮೇಲೆ ಕೊಳ್ಳಿ. 1938ರಲ್ಲಿ ಜೆರ್ರಿ ಸೀಗಲ್ ಮತ್ತು ಜೋ ಶೂಸ್ಟರ್ ಈ ಪಾತ್ರವನ್ನು ಓದುಗರ ಮುಂದಿಟ್ಟಾಗ, ಎದೆಯ ಮೇಲಿದ್ದದ್ದು ಪೊಲೀಸರ ಬ್ಯಾಡ್ಜಿನಂತಹ ಪುಟ್ಟ ಲಾಂಛನ ಮಾತ್ರ; ಇಂದು ನಾವು ಕಾಣುವ, ಎದೆಯಗಲದ ವಜ್ರಾಕಾರದ ಎಸ್ ಬಳಿಕ ಹಂತಹಂತವಾಗಿ ರೂಪುಗೊಂಡಿತು. ನೀಲಿ ಉಡುಪಿನ ಮೇಲೆ ತೊಡುವ ಕೆಂಪು ಚಡ್ಡಿಯ ಮೂಲ ಆ ಕಾಲದ ಸರ್ಕಸ್ಸಿನ ಬಲಶಾಲಿಗಳ ಉಡುಪಿನಲ್ಲಿದೆ. ಗರಡಿಮನೆಯ ಪೈಲ್ವಾನರನ್ನು ಕಂಡು ಬೆಳೆದ ನಮಗೆ ಇದು ತಟ್ಟನೆ ಅರ್ಥವಾಗುತ್ತದೆ: ಆ ಚಡ್ಡಿಯನ್ನು ನೋಡಿದೊಡನೆ 'ಇವನು ಬಲಶಾಲಿ' ಎಂದು ಗೊತ್ತಾಗಬೇಕಿತ್ತು. ಅಗ್ಗದ ಕಾಗದದ ಮುದ್ರಣದಲ್ಲಿ ನೀಲಿ ಮೈಯನ್ನು ನಡುವೆ ಬೇರ್ಪಡಿಸಿ ತೋರಿಸಲೂ ಆ ಕೆಂಪು ನೆರವಾಗುತ್ತಿತ್ತು.

2011ರಲ್ಲಿ ಕಾಮಿಕ್ಸ್‌ನಿಂದಲೇ ಚಡ್ಡಿಯನ್ನು ತೆಗೆದುಹಾಕಿದರು. 2013ರ ಚಲನಚಿತ್ರದಲ್ಲಿ ಹೆನ್ರಿ ಕ್ಯಾವಿಲ್ ತೊಟ್ಟ ಉಡುಪಿನಲ್ಲಿಯೂ ಅದಿಲ್ಲ. 2018ರಲ್ಲಿ ಅವನ ಕಥೆಗಳ ಪತ್ರಿಕೆ ಆಕ್ಷನ್ ಕಾಮಿಕ್ಸ್‌ನ 1000ನೆಯ ಸಂಚಿಕೆಯೊಂದಿಗೆ ಅದು ಮರಳಿತು, 2025ರ ಚಲನಚಿತ್ರದಲ್ಲಿಯೂ ಇದೆ. ಚಡ್ಡಿಯಿಲ್ಲದ ಉಡುಪು ನನಗೆ ಎಂದೂ ಒಗ್ಗಲಿಲ್ಲ. ನಡುವಿನ ಕೆಂಪು ಹೋದರೆ ಇಡೀ ಆಕೃತಿ ಒಂದೇ ನೀಲಿ ಕಂಬದಂತೆ ಕಾಣುತ್ತದೆ.

ಚಿತ್ರ ಬಿಡಿಸುವ ತಮ್ಮನಿಗೆ ಒಂದು ಕಿವಿಮಾತು. ಎಸ್ ಅಕ್ಷರವನ್ನು ಬರೆಯಲು ಹೊರಟರೆ ಅದು ಖಂಡಿತ ಸೊಟ್ಟಗಾಗುತ್ತದೆ. ಅಕ್ಷರವನ್ನು ಮರೆತು, ಅದರ ಸುತ್ತ ಉಳಿಯುವ ಹಳದಿ ತುಂಡುಗಳನ್ನು ಬಿಡಿಸಲಿ. ಅವುಗಳಲ್ಲಿ ಎರಡು ಥೇಟ್ ಮೀನಿನಂತಿರುತ್ತವೆ. ಆ ಮೀನುಗಳು ಸರಿಯಾಗಿ ಕುಳಿತರೆ ಎಸ್ ತಾನಾಗಿಯೇ ಮೂಡುತ್ತದೆ. ಇದು ತಿಳಿಯುವ ಮುನ್ನ ನಾನು ಒಂದು ಡ್ರಾಯಿಂಗ್ ಪುಸ್ತಕವನ್ನೇ ಖಾಲಿ ಮಾಡಿದ್ದೆ. ಹಳದಿಯ ಬದಲು ಕಪ್ಪು ಹಿನ್ನೆಲೆಯಿರುವ ಲಾಂಛನ ಕಂಡರೆ ಅದನ್ನು ತಪ್ಪೆಂದು ತಳ್ಳಿಹಾಕಬೇಡಿ. 1996ರಲ್ಲಿ ಅಲೆಕ್ಸ್ ರಾಸ್ ಚಿತ್ರಿಸಿದ, ಕಿವಿಯ ಬಳಿ ಕೂದಲು ನರೆತ ಸೂಪರ್‌ಮ್ಯಾನ್ ಧರಿಸಿದ್ದು ಅದನ್ನೇ, ಮತ್ತು ಅಭಿಮಾನಿಗಳು ಅದನ್ನು ಇಂದಿಗೂ ಪ್ರೀತಿಯಿಂದ ಬಿಡಿಸುತ್ತಾರೆ.

ಯಲಹಂಕದ ತಾಯಿ:

ಮಗನ ಶಾಲೆಯ ಛದ್ಮವೇಷ ಸ್ಪರ್ಧೆಗೆ ಇದೇ ಉಡುಪನ್ನು ಹೊಲಿದಿದ್ದೆ. ಚಿಕ್ಕಪೇಟೆಯಿಂದ ನೀಲಿ ಲೈಕ್ರಾ, ಕೆಂಪು ಸ್ಯಾಟಿನ್ ತಂದು, ಕೇಪನ್ನು (ಬೆನ್ನ ಮೇಲೆ ಇಳಿಬೀಳುವ ಮೇಲ್ವಸ್ತ್ರವನ್ನು) ನೇರವಾಗಿ ಅಂಗಿಯ ಕತ್ತಿಗೇ ಹೊಲಿದುಬಿಟ್ಟೆ. ಅವನು ವೇದಿಕೆಯ ಮೇಲೆ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಕೇಪಿನ ಭಾರಕ್ಕೆ ಅಂಗಿ ಹಿಂದಕ್ಕೆ ಜಾರಿ, ಎದೆಯ ಲಾಂಛನ ಗಂಟಲಿಗೆ ಬಂದು ನಿಂತಿತು. ಮಗು ಎರಡೂ ಕೈಗಳಿಂದ ಕತ್ತಿನ ಪಟ್ಟಿಯನ್ನು ಕೆಳಗೆ ಎಳೆದುಕೊಳ್ಳುತ್ತಲೇ ಇದ್ದದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮರುವರ್ಷ ಒಳಗೆ ಬಿಗಿಯಾದ ಹತ್ತಿ ಬನಿಯನ್ ತೊಡಿಸಿ, ಕೇಪನ್ನು ಅದರ ಭುಜಗಳಿಗೆ ಹೊಲಿದು, ಅಂಗಿಯ ಕತ್ತಿನೊಳಗಿನಿಂದ ಹೊರಕ್ಕೆ ತೆಗೆದೆ. ಆಮೇಲೆ ಅದು ಕದಲಲಿಲ್ಲ.

ಬಸವನಗುಡಿಯ ಚಿತ್ರಕಾರ:

ಬಣ್ಣದ ಬಗ್ಗೆ ಹೇಳುವುದು ಬಿಟ್ಟುಹೋಗಿತ್ತು. 1952ರಲ್ಲಿ ಆರಂಭವಾದ ಟಿವಿ ಸರಣಿಯ ಕಪ್ಪುಬಿಳುಪಿನ ಕಂತುಗಳಿಗಾಗಿ ಜಾರ್ಜ್ ರೀವ್ಸ್ ತೊಟ್ಟ ಉಡುಪು ಕಂದು ಮತ್ತು ಬೂದು ಬಣ್ಣದ್ದು, ಏಕೆಂದರೆ ಕಪ್ಪುಬಿಳುಪಿನ ತೆರೆಯ ಮೇಲೆ ಆ ಬಣ್ಣಗಳೇ ಸ್ಪಷ್ಟವಾಗಿ ಬೇರೆಬೇರೆಯಾಗಿ ಕಾಣುತ್ತಿದ್ದವು. ಆದ್ದರಿಂದ ಆ ಹಳೆಯ ಫೋಟೋಗಳನ್ನು ನೋಡಿ ನೀಲಿಯ ಗಾಢತೆಯನ್ನು ಅಳೆಯಬೇಡಿ.

ಪ್ರಶ್ನೆ ಕೇಳಿದವರು:

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ತಮ್ಮ 1978ರ ಕ್ರಿಸ್ಟೋಫರ್ ರೀವ್ ಉಡುಪನ್ನು ಆರಿಸಿಕೊಂಡಿದ್ದಾನೆ.

ಬಸವನಗುಡಿಯ ಚಿತ್ರಕಾರ:

ಬಹಳ ಸಂತೋಷ. ಹಾಗಿದ್ದರೆ ಕೇಪಿನ ಬೆನ್ನಿನ ಮೇಲೂ ಲಾಂಛನ ಬೇಕು, ಅಲ್ಲಿ ಕೆಂಪಿಲ್ಲದೆ ಬರೀ ಹಳದಿಯಲ್ಲಿ.