ಕವರ್ ಹೊದಿಸಿದ ಕಾರಿನ ಬಣ್ಣದ ಮೇಲೆ ಗೀರುಗಳು: ತಡೆಯುವ ಬಗೆ ಯಾವುದು?

ಪ್ರಶ್ನೆ (ಚಿಕ್ಕಮಗಳೂರಿನಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಶೆಡ್ ಇಲ್ಲದಿರುವುದರಿಂದ ಕಾರು ಅಂಗಳದ ಸಿಲ್ವರ್ ಓಕ್ ಮರದ ಕೆಳಗೇ ನಿಲ್ಲುತ್ತದೆ. ಹಕ್ಕಿಗಳ ಹಿಕ್ಕೆ, ತರಗೆಲೆ, ಇಬ್ಬನಿಗಳಿಂದ ಕಾಪಾಡಲೆಂದು ಪ್ರತಿದಿನ ಕವರ್ ಹೊದಿಸುತ್ತೇವೆ. ಆದರೂ ಈಚೆಗೆ ಬಿಸಿಲಿನಲ್ಲಿ ನೋಡಿದಾಗ ಬಾನೆಟ್ಟಿನ ಮೇಲೆ ಮತ್ತು ಬಾಗಿಲುಗಳ ಅಂಚಿನಲ್ಲಿ ಕೂದಲೆಳೆಯಷ್ಟು ತೆಳ್ಳನೆಯ ಗೀರುಗಳು ಕಾಣಿಸಿದವು. ಕಡು ನೀಲಿ ಬಣ್ಣದ ಕಾರಾದ್ದರಿಂದ ಅವು ಇನ್ನಷ್ಟು ಎದ್ದು ತೋರುತ್ತವೆ. ಕವರ್ ಬಳಸುವುದನ್ನೇ ಬಿಡಬೇಕೇ, ಇಲ್ಲವೇ ಬಳಸುವ ಕ್ರಮವನ್ನು ಬದಲಿಸಿದರೆ ಸಾಕೇ? ಮಳೆಗಾಲ ಹತ್ತಿರವಾಗುತ್ತಿದೆ, ತಿಳಿದವರು ದಯವಿಟ್ಟು ಹೇಳಿ.

ಉತ್ತರ 1 (ಹಾಸನದಿಂದ)

ಕಾರಿನ ಬಣ್ಣದ ಮೇಲಿರುವ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್ ದಪ್ಪವಿರುತ್ತದೆ. 1,000 ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್ ಆಗುತ್ತದೆ ಎಂದರೆ ಅದು ಎಷ್ಟು ತೆಳುವೆಂದು ಊಹಿಸಬಹುದು. ರಸ್ತೆಯ ಧೂಳಿನಲ್ಲಿರುವ ಸ್ಫಟಿಕದ ಕಣಗಳಾದರೋ ಗಾಜನ್ನೂ ಗೀರಬಲ್ಲಷ್ಟು ಗಟ್ಟಿ. ಧೂಳು ಹಿಡಿದ ಕಾರಿನ ಮೇಲೆ ಕವರ್ ಎಳೆದಾಗಲೂ, ಗಾಳಿಗೆ ಕವರ್ ಪಟಪಟನೆ ಬಡಿದುಕೊಂಡಾಗಲೂ ಆ ಕಣಗಳು ಬಟ್ಟೆಗೂ ಬಣ್ಣಕ್ಕೂ ನಡುವೆ ಸಿಕ್ಕಿ ಉಜ್ಜುತ್ತವೆ. ನೀವು ಹೇಳಿದ ಬಾಗಿಲಿನ ಅಂಚುಗಳಲ್ಲಿ ಕವರ್ ಬಿಗಿಯಾಗಿ ಒತ್ತುವುದರಿಂದ ಗೀರು ಅಲ್ಲಿ ಮೊದಲು ಮೂಡುತ್ತದೆ.

ಆದ್ದರಿಂದ ನನ್ನ ದೃಢವಾದ ಅಭಿಪ್ರಾಯವೆಂದರೆ, ತೊಳೆದು ಪೂರ್ತಿ ಒಣಗಿಸಿದ ಕಾರಿಗೆ ಮಾತ್ರ ಕವರ್ ಹೊದಿಸಬೇಕು. ಓಡಾಡಿ ಬಂದ ದಿನ ತೊಳೆಯಲು ಸಮಯವಿಲ್ಲದಿದ್ದರೆ ಹಾಗೆಯೇ ಬಿಡುವುದೇ ಮೇಲು. ಒಣಬಟ್ಟೆಯಿಂದ ಧೂಳು ಒರೆಸಿ ಕವರ್ ಹಾಕುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಕವರ್ ಮಾಡುವ ಹಾನಿಯನ್ನು ಆ ಬಟ್ಟೆಯೇ ಮೊದಲು ಮಾಡಿಬಿಡುತ್ತದೆ. ಕವರ್ ನಿಮ್ಮ ಕಾರಿನ ಮಾದರಿಗೆ ಸರಿಯಾದ ಅಳತೆಯದಾಗಿರಲಿ, ಅಂಚಿನಲ್ಲಿ ಎಲಾಸ್ಟಿಕ್ ಮತ್ತು ಕೆಳಗೆ ಕಟ್ಟುವ ಪಟ್ಟಿ ಇರಲಿ, ಒಳಮೈ ಮೃದುವಾಗಿರಲಿ. ತೆಗೆಯುವಾಗ ನೆಲದ ಮೇಲೆ ಎಳೆಯದೆ, ಎರಡೂ ಬದಿಗಳನ್ನು ಮೇಲಕ್ಕೆ ಮಡಚಿ ಛಾವಣಿಯ ಮೇಲೆಯೇ ಸುರುಳಿ ಸುತ್ತಿದರೆ ಅಂಗಳದ ಮಣ್ಣು ಒಳಮೈಗೆ ಅಂಟುವುದಿಲ್ಲ. ಕವರನ್ನೂ ಆಗಾಗ ತೊಳೆದು ಒಣಗಿಸಬೇಕೆಂಬುದನ್ನು ಹೆಚ್ಚಿನವರು ಮರೆಯುತ್ತಾರೆ.

ಉತ್ತರ 2 (ಮೂಡಿಗೆರೆಯಿಂದ)

ಹಾಸನದ ಮಿತ್ರರು ಧೂಳಿನ ಬಗ್ಗೆ ಹೇಳಿದ್ದು ಸರಿಯಾಗಿದೆ. ಆದರೆ ನಮ್ಮ ಮಲೆನಾಡಿನ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಧೂಳಿಗಿಂತ ತೇವವೇ ದೊಡ್ಡ ಶತ್ರು. ಪ್ಲಾಸ್ಟಿಕ್ಕಿನಂತಹ ಗಾಳಿಯಾಡದ ಕವರಿನೊಳಗೆ ಸೇರಿದ ನೀರು ಹೊರಹೋಗಲು ದಾರಿಯಿಲ್ಲದೆ ಬಣ್ಣಕ್ಕೆ ಅಂಟಿಕೊಂಡೇ ಉಳಿಯುತ್ತದೆ. ನಡುವೆ ಬಿಸಿಲು ಬಂದರೆ ಬೆಚ್ಚಗಾಗಿ ಕಲೆ ಕಟ್ಟುತ್ತದೆ, ದಿನಗಟ್ಟಲೆ ಹಾಗೆಯೇ ಇದ್ದರೆ ಬಣ್ಣ ಮಸುಕಾಗುವುದೂ ಗುಳ್ಳೆ ಏಳುವುದೂ ಉಂಟು. ಮೊದಲೇ ಆಳವಾದ ಗೀರಿದ್ದ ಕಡೆ ತುಕ್ಕು ಹಿಡಿಯುತ್ತದೆ. ಬರಿಯ ಮಳೆನೀರು ಹರಿದುಹೋದರೆ ಬಣ್ಣಕ್ಕೆ ಅಷ್ಟು ಕೇಡಿಲ್ಲ. ಹಾಗಾಗಿ ಜಡಿಮಳೆಯ ದಿನಗಳಲ್ಲಿ ಕವರನ್ನು ಮಡಚಿಟ್ಟು, ಸಾಧ್ಯವಾದರೆ ಬದಿಗಳು ತೆರೆದಿರುವ ತಗಡಿನ ಚಪ್ಪರವೊಂದನ್ನು ಹಾಕಿಸಿಕೊಳ್ಳಿ. ಗಾಳಿಯಾಡುತ್ತದೆ, ಹಕ್ಕಿ ಹಿಕ್ಕೆಯೂ ಬೀಳುವುದಿಲ್ಲ. ಹಿಕ್ಕೆ ಬಿದ್ದದ್ದು ಕಂಡರೆ ಆ ದಿನವೇ ನೀರಿನಲ್ಲಿ ನೆನೆಸಿ ತೆಗೆಯಿರಿ, ಏಕೆಂದರೆ ಬಿಸಿಲಿಗೆ ಒಣಗಿದ ಹಿಕ್ಕೆ ಕ್ಲಿಯರ್ ಕೋಟನ್ನು ಕೊರೆಯುತ್ತದೆ. ಬಹಳ ದಿನ ಹೊದಿಸಿಟ್ಟ ಕಾರಿನ ಎಂಜಿನ್ ಬಳಿ ಇಲಿಗಳು ಗೂಡು ಮಾಡುವುದರಿಂದ ನಡುನಡುವೆ ಬಾನೆಟ್ ತೆರೆದು ನೋಡುವುದೂ ಅಗತ್ಯ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಈಗಾಗಲೇ ಬಿದ್ದಿರುವ ಗೀರುಗಳಿಗೆ ಪರಿಹಾರವಿದೆಯೇ? ಇನ್ನೊಂದು ವಿಷಯ: ಎಡಗಡೆಯ ಬಾಗಿಲಿಗೆ ಕಳೆದ ವಾರವಷ್ಟೇ ಹೊಸದಾಗಿ ಪೇಂಟ್ ಮಾಡಿಸಿದ್ದೇವೆ.

ಉತ್ತರ 3 (ಹಾಸನದಿಂದ)

ಬೆರಳಿನ ಉಗುರನ್ನು ಗೀರಿನ ಮೇಲೆ ಅಡ್ಡಲಾಗಿ ಎಳೆದು ನೋಡಿ. ಉಗುರು ಸಿಕ್ಕಿಕೊಳ್ಳದಿದ್ದರೆ ಅದು ಮೇಲ್ಪದರದಲ್ಲೇ ಇರುವುದರಿಂದ ಸಾಮಾನ್ಯವಾಗಿ ಪಾಲಿಶ್‌ನಿಂದ ಹೋಗುತ್ತದೆ. ಆದರೆ ಪಾಲಿಶ್ ಮಾಡುವುದೆಂದರೆ ಕ್ಲಿಯರ್ ಕೋಟನ್ನೇ ಸ್ವಲ್ಪ ಸವೆಸುವುದು. ಆದ್ದರಿಂದ ಪ್ರತಿ ಸರ್ವೀಸಿಗೂ ಅದನ್ನು ಮಾಡಿಸಬೇಡಿ. ಪಾಲಿಶ್ ಆದ ಮೇಲೆ ವ್ಯಾಕ್ಸ್ ಹಚ್ಚಿದರೆ ಹಿಕ್ಕೆ, ಇಬ್ಬನಿಗಳಿಂದ ಕೆಲಕಾಲ ರಕ್ಷಣೆ ಸಿಗುತ್ತದೆ. ಹೊಸ ಬಣ್ಣದ ವಿಷಯ ಬೇರೆ: ಅದರೊಳಗಿನ ದ್ರಾವಕ ವಾರಗಳವರೆಗೆ ಆವಿಯಾಗುತ್ತಲೇ ಇರುತ್ತದೆ. ಪೇಂಟ್ ಮಾಡಿದವರನ್ನು ಕೇಳಿ, ಕನಿಷ್ಠ ಒಂದು ತಿಂಗಳಾದರೂ ಆ ಬಾಗಿಲಿಗೆ ವ್ಯಾಕ್ಸ್ ಹಚ್ಚದೆ, ಕವರನ್ನೂ ಹೊದಿಸದೆ ಗಾಳಿಗೆ ಬಿಡಿ. ಅಲ್ಲಿಯವರೆಗೆ ಕಾರನ್ನು ಮರದ ಕೆಳಗಿಂದ ಸರಿಸಿ ನಿಲ್ಲಿಸುವುದು ಒಳ್ಳೆಯದು.