ಓದುಗರ ಸ್ಪಂದನ: ಕೆಲಸ ಬಿಟ್ಟು ರಂಗಶಾಲೆ ಸೇರಲೇ?

ಕಳೆದ ಸಂಚಿಕೆಯ ಪ್ರಶ್ನೆ: ನಾನು ಮದ್ದೂರು ತಾಲ್ಲೂಕಿನವನು, ವಯಸ್ಸು 26. ಡಿಪ್ಲೊಮಾ ಓದಿ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟ್ ಕೆಲಸ ಮಾಡುತ್ತಿದ್ದೇನೆ. ಊರ ಹಬ್ಬದ ನಾಟಕಗಳಲ್ಲಿ ಪಾತ್ರ ಮಾಡುತ್ತಲೇ ಬೆಳೆದೆ. ಮೈಸೂರಿನ ನಾಟಕ ಸಂಸ್ಥೆ ರಂಗಾಯಣದ ಒಂದು ವರ್ಷದ ರಂಗ ಡಿಪ್ಲೊಮಾ ಸೇರುವಾಸೆ. ಆದರೆ ತಂಗಿ ಮದುವೆ ಸಾಲದ ಕಂತು ನನ್ನ ಸಂಬಳದಿಂದಲೇ ಹೋಗಬೇಕು. ‘ಬಣ್ಣ ಹಚ್ಚಿದವರು ಉದ್ಧಾರ ಆಗಿದ್ದುಂಟಾ’ ಅಂತಾರೆ ಅಪ್ಪ. ಈಗೀಗ ನನಗೇ ನನ್ನ ಮೇಲೆ ಅನುಮಾನ.

*

ಸಾಲದ ಭಯ ಒಂದು, ‘ನನ್ನ ಕೈಲಾಗುತ್ತಾ’ ಅನ್ನೋ ಭಯ ಇನ್ನೊಂದು. ನಿಮ್ಮ ಪತ್ರದಲ್ಲಿ ಎರಡೂ ಸಿಕ್ಕುಹಾಕಿಕೊಂಡಿವೆ. ಸಾಲಕ್ಕೆ ಲೆಕ್ಕ ಹಾಕಬಹುದು. ಎರಡನೆಯದರ ಬಗ್ಗೆ ಹೇಳುತ್ತೇನೆ.

ನಮ್ಮ ಸೀಮೆಯ ಪೌರಾಣಿಕ ನಾಟಕ ನಿಮಗೆ ಗೊತ್ತೇ ಇದೆ. ಪಾತ್ರಕ್ಕೆ ನಾವೇ ದುಡ್ಡು ಕಟ್ಟುತ್ತೇವೆ. ದುರ್ಯೋಧನನಿಗೊಂದು ರೇಟು, ವಿದುರನಿಗೊಂದು. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕೂತು ಮಟ್ಟು ಹೇಳಿಕೊಡುತ್ತಾರೆ. ನಾಟಕದ ರಾತ್ರಿ ಕಂದಪದ್ಯವನ್ನು ಏರುದನಿಯಲ್ಲಿ ಹಾಡಿದರೆ ಸಾಕು, ‘ಒನ್ಸ್ ಮೋರ್’, ನೋಟಿನ ಹಾರ. ರಂಗಶಾಲೆಯಲ್ಲಿ ಇದ್ಯಾವುದೂ ಇಲ್ಲ. ಬೆಳಿಗ್ಗೆ ವ್ಯಾಯಾಮ, ಧ್ವನಿಯ ಅಭ್ಯಾಸ, ಆಮೇಲೆ ರಂಗದ ಕಸ ಗುಡಿಸುವುದು, ಸೆಟ್ಟಿಗೆ ಮೊಳೆ ಹೊಡೆಯುವುದು, ಲೈಟಿನ ವೈರು ಎಳೆಯುವುದು. ಊರಲ್ಲಿ ದುರ್ಯೋಧನ ಆದವನು ಇಲ್ಲಿ ಮೂರನೇ ಸೈನಿಕನಾಗಿ ಮಾತಿಲ್ಲದೆ ನಿಲ್ಲಬೇಕಾಗಬಹುದು. ಹಾಗೆ ನಿಂತಾಗಲೂ ಖುಷಿ ಸಿಗುತ್ತದಾ ಅಂತ ನೋಡಿಕೊಳ್ಳಿ. ಪ್ರತಿಭೆ ಇದೆಯೋ ಇಲ್ಲವೋ ಅನ್ನೋದು ರೂಮಲ್ಲಿ ಕೂತು ಯೋಚಿಸಿದರೆ ಯಾರಿಗೂ ಗೊತ್ತಾಗಲ್ಲ.

ಇನ್ನೊಂದು. 1989ರಲ್ಲಿ ರಂಗಾಯಣ ಕಟ್ಟಿದ ಬಿ.ವಿ. ಕಾರಂತರು ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಗುಬ್ಬಿ ನಾಟಕ ಕಂಪನಿ ಸೇರಿದ್ದನ್ನು ಎಲ್ಲರೂ ಉದಾಹರಣೆ ಕೊಡುತ್ತಾರೆ. ಅದೇ ಕಾರಂತರು ಆಮೇಲೆ ಕಾಶಿಗೆ ಹೋಗಿ ಎಂ.ಎ. ಮಾಡಿದರು, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತರು. ಆ ಭಾಗವನ್ನು ಯಾಕೋ ಯಾರೂ ಹೇಳಲ್ಲ!

ಕೋರ್ಸ್ ಮುಗಿಸಿದವರೆಲ್ಲ ನಟರಾಗುವುದಿಲ್ಲ. ನಮ್ಮಂಥವರು ಶಾಲೆಗಳಲ್ಲಿ ನಾಟಕ ಹೇಳಿಕೊಡುತ್ತೇವೆ, ಏಪ್ರಿಲ್-ಮೇನಲ್ಲಿ ಮಕ್ಕಳ ಶಿಬಿರ, ನಡುವೆ ಸೀರಿಯಲ್ಲಿನ ಸಣ್ಣಪುಟ್ಟ ಪಾತ್ರ. ಊಟಕ್ಕೆ ತೊಂದರೆ ಇಲ್ಲ. ಸೈಟು ತಗೊಳ್ಳೋ ಮಾತು ಎತ್ತಬೇಡಿ.
– ರಂಗಶಿಕ್ಷಕ, ಕುವೆಂಪುನಗರ, ಮೈಸೂರು

*

ತಮ್ಮಾ, ನಿಮ್ಮಪ್ಪನ ಮಾತಿಗೆ ಬೇಜಾರಾಗಬೇಡಪ್ಪ. ನಮ್ಮ ಮಾವನೋರು ಭೀಮನ ಪಾರ್ಟು ಮಾಡೋಕೆ ಆಲೆಮನೆಯ ಬೆಲ್ಲದ ದುಡ್ಡೆಲ್ಲ ಸುರಿದವರು. ಅತ್ತೆ ಇವತ್ತಿಗೂ ಗದೆ ಕಂಡರೆ ಉರಿದುಬೀಳ್ತಾರೆ. ಅಂಥ ಮನೆಗಳಲ್ಲಿ ನಾಟಕ ಅಂದ್ರೆ ಖರ್ಚು ಅಂತಲೇ ಲೆಕ್ಕ. ಕಲಿತು ಸಂಪಾದನೆ ಮಾಡಬಹುದು ಅನ್ನೋದು ಅವರಿಗೆ ಗೊತ್ತಿಲ್ಲ. ಒಂದು ಭಾನುವಾರ ಅಪ್ಪನ್ನ ಕರ್ಕೊಂಡೋಗಿ ರಂಗಾಯಣದ ಭೂಮಿಗೀತ ರಂಗಮಂದಿರದಲ್ಲಿ ಒಂದು ನಾಟಕ ತೋರಿಸು. ವಾದ ಮಾಡಬೇಡ, ಸುಮ್ಮನೆ ತೋರಿಸು.

ಸಾಲದ ಬಗ್ಗೆ: ತಂಗಿ, ಭಾವನ್ನ ಕೇಳಿದ್ದೀಯಾ? ಪತ್ರದಲ್ಲಿ ಆ ಮಾತೇ ಇಲ್ಲ. ಒಂದು ವರ್ಷ ಅರ್ಧ ಕಂತು ಅವರು ಕಟ್ಟಿದರೆ ಯಾರ ಮರ್ಯಾದೆಯೂ ಹೋಗಲ್ಲ. ಗಂಡುಮಕ್ಕಳು ತಂಗಿ ಹತ್ರ ಬಾಯಿ ಬಿಡೋಕೆ ಸಂಕೋಚ ಪಡ್ತಾರೆ. ನನ್ನ ತಮ್ಮನೂ ಹಂಗೇ. ಗೊತ್ತಾದಾಗ ನಾನೇ ಬೈದೆ.
– ಗೃಹಿಣಿ, ಗುತ್ತಲು, ಮಂಡ್ಯ

*

ನಾನು ಬೇಡ ಅನ್ನುವವನು. ಬ್ಯಾಂಕಿನಲ್ಲಿ ಸಾಲದ ಟೇಬಲ್ಲಿನಲ್ಲೇ ಕೂತು ನಿವೃತ್ತನಾದವನಿಗೆ ಬೇರೆ ಮಾತು ಬರಲ್ಲ ಅಂದುಕೊಳ್ಳಿ. ಕೆಲಸ ಪರ್ಮನೆಂಟೋ ಕಾಂಟ್ರಾಕ್ಟೋ ನೀವು ಬರೆದಿಲ್ಲ. ಪರ್ಮನೆಂಟ್ ಆಗಿದ್ದರೆ ರಾಜೀನಾಮೆಗೆ ಮೊದಲು ಸಂಬಳವಿಲ್ಲದ ರಜೆ ಸಿಗುತ್ತದಾ ಕೇಳಿ. ಕಾಂಟ್ರಾಕ್ಟ್ ಆದರೆ ಬಿಡುವುದಕ್ಕೆ ಅಷ್ಟು ಯೋಚನೆ ಬೇಕಿಲ್ಲ, ಆದರೆ ಕೈಯಲ್ಲಿ ಆರು ಕಂತಿನ ದುಡ್ಡು ಇರಲಿ. ಅಲ್ಲಿಯವರೆಗೆ ಮೈಸೂರಿನಲ್ಲೇ ಇದ್ದೀರಲ್ಲ, ರಾಮಕೃಷ್ಣನಗರದಲ್ಲಿ ನಟ ಮಂಡ್ಯ ರಮೇಶ್ ಅವರ ರಂಗಶಾಲೆ ‘ನಟನ’ ಇದೆ. ಶಿಫ್ಟಿಗೆ ಹೊಂದುವ ತರಬೇತಿ ಇದೆಯಾ ವಿಚಾರಿಸಿ. ನೈಟ್ ಶಿಫ್ಟ್ ಮುಗಿಸಿ ರಿಹರ್ಸಲ್‌ಗೆ ಹೋಗುವ ಉಮೇದು ಒಂದು ವರ್ಷ ಉಳಿದರೆ ನಾನೂ ಬಾಯಿ ಮುಚ್ಚಿಕೊಳ್ಳುತ್ತೇನೆ.
– ನಿವೃತ್ತ ಬ್ಯಾಂಕ್ ಉದ್ಯೋಗಿ, ಶ್ರೀರಂಗಪಟ್ಟಣ

*

ಬ್ರೋ, ಒಂದು ವರ್ಷ ಕಾಯೋ ಮುಂಚೆ ರಂಗಾಯಣದ ಪ್ರವೇಶ ಪ್ರಕಟಣೆಯಲ್ಲಿ ವಯೋಮಿತಿ ನೋಡಿ, ಅದು ದಾಟಿದರೆ ಯಾರ ಸಲಹೆಯೂ ಕೆಲಸಕ್ಕೆ ಬರಲ್ಲ. ರಂಗಾಯಣ ಸಿಗದಿದ್ದರೆ ಹೆಗ್ಗೋಡಿನ ನೀನಾಸಂ ರಂಗಶಾಲೆ ಇದೆ, ಸಾಣೇಹಳ್ಳಿಯ ರಂಗಶಾಲೆ ಇದೆ. ಮೂರಕ್ಕೂ ಅರ್ಜಿ ಹಾಕಿ. ಸಂದರ್ಶನಕ್ಕೆ ಕಂದಪದ್ಯ ಒಂದನ್ನೇ ನಂಬಿಕೊಂಡು ಹೋಗಬೇಡಿ. ಗದ್ಯದ ಮಾತು ಒಂದೆರಡು ಪುಟ ಬಾಯಿಪಾಠ ಇರಲಿ. ಹಾರ್ಮೋನಿಯಂ ಇಲ್ಲದೆ ಮಾತಾಡೋಕೆ ನಿಂತಾಗ ನಮ್ಮೂರ ಹುಡುಗರು ತಡವರಿಸೋದು ಅಲ್ಲೇ.
– ರಂಗ ವಿದ್ಯಾರ್ಥಿನಿ, ಪಾಂಡವಪುರ