ತುಂಗನಾಥದಲ್ಲಿ ಪಿಕಾ ಫೋಟೊ: ಲೆನ್ಸ್, ದೂರ, ಟಿಪ್ಪಣಿ ಬಗ್ಗೆ ಸಲಹೆ ಬೇಕು

ಸರಸ್ವತಿಪುರಂ, ಮೈಸೂರು
ಸೆಪ್ಟೆಂಬರ್ ಕೊನೆಗೆ ನಾವು ನಾಲ್ವರು ಉತ್ತರಾಖಂಡದ ಚೋಪ್ತಾಗೆ ಹೋಗಿ ತುಂಗನಾಥ ಹತ್ತುತ್ತಿದ್ದೇವೆ. ಅಲ್ಲಿನ ಕಲ್ಲುಸಂದಿಗಳಲ್ಲಿರುವ, ಮೊಲದ ಬಳಗದ ಪುಟ್ಟ ಪ್ರಾಣಿ ರಾಯ್ಲ್ ಪಿಕಾದ ಫೋಟೊ ಬೇಕು, ಹವಾಮಾನ ಬದಲಾವಣೆ ಗಮನಿಸುವವರಿಗೆ ಉಪಯೋಗವಾಗುವ ಟಿಪ್ಪಣಿಯೂ ಬೇಕು. ಕ್ರಾಪ್ ಸೆನ್ಸರ್ (ಚಿಕ್ಕ ಸೆನ್ಸರ್) ಕ್ಯಾಮೆರಾ, 100–400 ಎಂಎಂ ಲೆನ್ಸ್ ಇದೆ. ಸಾಕಾಗುತ್ತಾ? ಹೊರಡುವ ಮುಂಚೆ ಇಲ್ಲೇ ಎಲ್ಲಾದರೂ ಅಭ್ಯಾಸ ಮಾಡಬಹುದಾ?

ಕಲ್ಲುಬಂಡೆ, ಪಾಂಡವಪುರ
ಧಾರಾಳವಾಗಿ ಸಾಕು. ಪಿಕಾ ಒಂದು ಗೇಣು ಉದ್ದದ ಪ್ರಾಣಿ. 400 ಎಂಎಂನಲ್ಲಿ 8 ಮೀಟರ್ ದೂರದಿಂದ ತೆಗೆದರೂ ಚೌಕಟ್ಟಿನ ಅಗಲದ ಅರ್ಧದ ಹತ್ತಿರ ಬರುತ್ತದೆ. ಅದಕ್ಕಿಂತ ಹತ್ತಿರ ಹೋಗಬೇಡಿ. ಬೆನ್ನಟ್ಟಲೂ ಬೇಡಿ. ಸಂದಿ ಇರುವ ಕಲ್ಲುರಾಶಿ, ಪಕ್ಕದಲ್ಲೇ ಹಸಿರು ಇರುವ ಜಾಗ ನೋಡಿ 30–40 ನಿಮಿಷ ಅಲುಗಾಡದೆ ಕೂತರೆ ಅದೇ ಹೊರಗೆ ಬರುತ್ತದೆ. ಕಲ್ಲುರಾಶಿಯ ಮೇಲೆ ಮಾತ್ರ ಕಾಲಿಡಬೇಡಿ. ಒಂದು ಕಲ್ಲು ಜಾರಿದರೆ ಕೆಳಗಿನ ಸಂದಿಯೇ ಮುಚ್ಚಿಹೋಗುತ್ತದೆ.

ಕೂತಿದ್ದಾಗ ಶಟರ್ 1/500, ಬಾಯಲ್ಲಿ ಎಲೆ ಕಚ್ಚಿಕೊಂಡು ಓಡುವಾಗ 1/1600. ಕಪ್ಪು ಬಂಡೆಯ ನೆರಳಲ್ಲಿ ಕ್ಯಾಮೆರಾ ಮೋಸಹೋಗಿ ತುಪ್ಪಳವನ್ನು ಬೆಳ್ಳಗೆ ಮಾಡುತ್ತದೆ, ಎಕ್ಸ್‌ಪೋಶರ್ 0.7 ಇಳಿಸಿ. ಬಿಸಿಲೇರಿದರೆ ಬಂಡೆಯಿಂದೇಳುವ ಬಿಸಿಗಾಳಿಗೆ ಚಿತ್ರ ಅಲುಗುತ್ತದೆ. ಎಷ್ಟು ಒಳ್ಳೆಯ ಲೆನ್ಸಾದರೂ ಅದು ಸರಿಹೋಗಲ್ಲ, ಆದ್ದರಿಂದ ಬೆಳಗಿನ ಮೊದಲ ಎರಡು ಗಂಟೆ ಬಿಡಬೇಡಿ. ಲೆನ್ಸ್ ಒರಗಿಸಲು ಟ್ರೈಪಾಡ್ ಬದಲು ಖಾಲಿ ಬಟ್ಟೆಚೀಲ ಒಯ್ದು ಚೋಪ್ತಾದಲ್ಲೇ 2 ಕೆಜಿ ಅಕ್ಕಿ ತುಂಬಿಸಿಕೊಳ್ಳಿ.

ಅಭ್ಯಾಸಕ್ಕೆ ಕುಂತಿಬೆಟ್ಟ ಅಥವಾ ಮೇಲುಕೋಟೆ. ಬಂಡೆಮೇಲಿನ ಓತಿಕ್ಯಾತ, ಅಳಿಲುಗಳನ್ನು ನೆಲಕ್ಕೆ ಒರಗಿ ಕಣ್ಣಿನ ಮಟ್ಟದಲ್ಲಿ ತೆಗೆಯಿರಿ. ಅದು ಕೈಗೆ ಹತ್ತಿದರೆ ಪಿಕಾ ಕಷ್ಟವಲ್ಲ.

ಕುವೆಂಪುನಗರ
ಟಿಪ್ಪಣಿ ವಿಷಯಕ್ಕೆ ಬರೋಣ, ಫೋಟೊಗಿಂತ ನನಗೆ ಅದೇ ಮುಖ್ಯ. ಪಿಕಾ ಮೊಲದ ಬಳಗ, ಇಲಿಯದ್ದಲ್ಲ. ಚಳಿಗಾಲದಲ್ಲಿ ನಿದ್ದೆಗೆ ಜಾರುವುದಿಲ್ಲ. ಮೈಬಿಸಿ ಸುಮಾರು 40 ಡಿಗ್ರಿ, ತಡೆದುಕೊಳ್ಳುವ ಮಿತಿಗೆ ಅಂಟಿಕೊಂಡೇ ಇರುತ್ತದೆ. ಅಮೆರಿಕದ ಪಿಕಾಗಳನ್ನು ನೆರಳಿಗೆ ಹೋಗದಂತೆ ತಡೆದಾಗ 25.5ರಿಂದ 29.4 ಡಿಗ್ರಿಯಲ್ಲೇ ಸತ್ತದ್ದು ದಾಖಲಾಗಿದೆ. ಮೈಸೂರಿನಲ್ಲಿ ನಾವು ಹಿತ ಅನ್ನುವ ಶಾಖ ಅದು. ಹಾಗಾಗಿ ಕಲ್ಲುಸಂದಿಯ ತಂಪೇ ಅದರ ಜೀವ. ಇನ್ನೊಂದು ಕಡೆ, ಹಿಮದ ಹೊದಿಕೆ ತೆಳುವಾದರೆ ಚಳಿಗಾಲದಲ್ಲಿ ಅದೇ ಸಂದಿ ವಿಪರೀತ ತಣ್ಣಗಾಗುತ್ತದೆ. ಎರಡೂ ಕಡೆಯಿಂದ ಪೆಟ್ಟು.

ಒಂದೇ ಜಾಗದಲ್ಲಿ 20 ನಿಮಿಷ ನೋಡಿ ಸಮಯ, ಜಿಪಿಎಸ್, ಎತ್ತರ, ಮೋಡ, ನೆರಳಿನ ಉಷ್ಣತೆ, ಕಂಡ ಪಿಕಾಗಳ ಸಂಖ್ಯೆ ಬರೆಯಿರಿ. ಕಾಣದಿದ್ದರೆ ಸೊನ್ನೆ ಅಂತ ಬರೆಯಲೇಬೇಕು. ಎಲ್ಲರೂ ಕಂಡದ್ದನ್ನಷ್ಟೇ ಹಾಕಿದರೆ, ಎಲ್ಲಿಂದ ಮರೆಯಾಯಿತು ಅನ್ನುವುದು ಯಾವತ್ತೂ ತಿಳಿಯುವುದಿಲ್ಲ. ಪ್ರಾಣಿ ಕಾಣದಿದ್ದರೆ ಹಿಕ್ಕೆ ಹುಡುಕಿ: ಕಾಳುಮೆಣಸಿನಂತೆ ದುಂಡಗೆ, ಬಂಡೆಯ ಅಡಿಯಲ್ಲಿ ಗುಪ್ಪೆಗುಪ್ಪೆಯಾಗಿರುತ್ತದೆ. ಹುಲ್ಲುಮೆದೆ ಹುಡುಕುತ್ತಾ ಕೂರಬೇಡಿ. ಅಮೆರಿಕದ ಪಿಕಾ ಒಟ್ಟುತ್ತದೆ, ರಾಯ್ಲ್ ಪಿಕಾಗೆ ಸಾಮಾನ್ಯವಾಗಿ ಆ ರೂಢಿಯಿಲ್ಲ.

ಥರ್ಮಾಮೀಟರನ್ನು ಬಿಸಿಲಿಗೆ ಹಿಡಿದರೆ ಅದು ತನ್ನದೇ ಬಿಸಿ ತೋರಿಸುತ್ತದೆ. ನೆರಳಲ್ಲಿ, ನೆಲದಿಂದ ಮೇಲೆ, 10 ನಿಮಿಷ ಬಿಟ್ಟು ಓದಿ.

ಶ್ರೀರಂಗಪಟ್ಟಣ
ಮೇಲಿನದಕ್ಕೆ ಎರಡು ಮಾತು ಸೇರಿಸುತ್ತೇನೆ. ಸಂದಿಯೊಳಗೆ ಡೇಟಾ ಲಾಗರ್ (ಉಷ್ಣತೆಯನ್ನು ತಾನೇ ದಾಖಲಿಸಿಕೊಳ್ಳುವ ಪುಟ್ಟ ಸಾಧನ) ಇಡುವ ಆಸೆ ಬಂದರೆ ಮೊದಲು ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ, ಆ ಸುತ್ತಿನಲ್ಲಿ ಕೇದಾರನಾಥ ವನ್ಯಜೀವಿಧಾಮ ಇದೆ. ಬಿಸ್ಕತ್ ಹಾಕಿ ಕರೆಯುವವರನ್ನು ಕಂಡರೆ ದಯವಿಟ್ಟು ತಡೆಯಿರಿ. ಎಲೆ, ಹುಲ್ಲು ತಿನ್ನುವ ಹೊಟ್ಟೆ ಅದು.

ಬ್ಯಾಟರಿ ಚಳಿಗೆ ಬೇಗ ಕೂರುತ್ತದೆ. ಎರಡು ಹೆಚ್ಚಿಗೆ ಒಯ್ದು ಒಳ ಜೇಬಿನಲ್ಲಿಡಿ. ಸಂಜೆ ಕೋಣೆಗೆ ಬರುವ ಮುಂಚೆ, ಹೊರಗಿರುವಾಗಲೇ ಕ್ಯಾಮೆರಾವನ್ನು ಜಿಪ್ ಕವರಿಗೆ ಹಾಕಿ ಬಿಗಿಮಾಡಿ, ಒಳಗೆ ಬಂದು ಒಂದು ಗಂಟೆ ತೆಗೆಯಬೇಡಿ. ಇಲ್ಲವಾದರೆ ತಣ್ಣಗಿನ ಗಾಜಿಗೆ ನೀರು ಕಟ್ಟುತ್ತದೆ. ಮೆಮೊರಿ ಕಾರ್ಡ್ ಬೇಕಿದ್ದರೆ ಹೊರಗೇ ತೆಗೆದುಕೊಳ್ಳಿ.